ಬ್ಯಾಟರಿ ವಾಲ್ವ್ ರೇಡಿಯೋಗೆ 90 ವೋಲ್ಟ್ ಕೊಟ್ಟರೂ ಧ್ವನಿ ಒಡೆಯುತ್ತಿದೆ, ತಪ್ಪು ಎಲ್ಲಿದೆ?

ಪ್ರಶ್ನೆ: ಮಧುಗಿರಿಯ ಕೇಳುಗ

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ನಮ್ಮ ಹಳ್ಳಿಗೆ ಕರೆಂಟು ಬರುವುದಕ್ಕೆ ಮೊದಲೇ ನಮ್ಮ ತಾತ ಕೊಂಡಿದ್ದ ನಾಲ್ಕು ವಾಲ್ವಿನ (ಟ್ರಾನ್ಸಿಸ್ಟರಿಗೆ ಮೊದಲು ಬಳಸುತ್ತಿದ್ದ ಗಾಜಿನ ಕೊಳವೆ) ಬ್ಯಾಟರಿ ರೇಡಿಯೋ ಬಹಳ ವರ್ಷ ಅಟ್ಟದ ಮೇಲೇ ಇತ್ತು. ಯುಗಾದಿಗೆ ಮನೆಗೆ ಸುಣ್ಣ ಹೊಡೆಸುವಾಗ ಅದನ್ನು ಕೆಳಗಿಳಿಸಿ ಹಿಂಬದಿಯ ರಟ್ಟು ಬಿಚ್ಚಿ ನೋಡಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡೊಂದಿತ್ತು. ಹಳೆಯ ಬ್ಯಾಟರಿ ಪ್ಯಾಕ್ ಸೋರಿ, ಅದು ಕೂರುತ್ತಿದ್ದ ಜಾಗದ ತಗಡೆಲ್ಲ ಬಿಳಿಯ ಉಪ್ಪು ಹಿಡಿದಿತ್ತು. ಇವೆರಡನ್ನು ಬಿಟ್ಟರೆ ಒಳಗೆ ಯಾರೂ ಕೈಯಾಡಿಸಿದ ಗುರುತಿರಲಿಲ್ಲ. ವಾಲ್ವುಗಳ ಮೇಲಿನ ನಂಬರುಗಳು ಇನ್ನೂ ಓದುವಂತಿವೆ: 1ಆರ್5, 1ಟಿ4, 1ಎಸ್5 ಮತ್ತು 3ಎಸ್4. ನಾಲ್ಕರ ಫಿಲಮೆಂಟೂ (ಒಳಗೆ ಕಾಯುವ ಸಣ್ಣ ಎಳೆ) ಡಿಜಿಟಲ್ ಮೀಟರಿನಲ್ಲಿ ತುಂಡಾಗದೆ ಇರುವುದು ಕಂಡಿತು.

ಹಳೆಯ 90 ವೋಲ್ಟಿನ ಪ್ಯಾಕ್ ಈಗ ಎಲ್ಲಿಯೂ ಸಿಗುವುದಿಲ್ಲವಾದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎರಡು ಚಿಕ್ಕ ಮಾಡ್ಯೂಲ್ ತಂದೆ. ಒಂದು 12 ವೋಲ್ಟನ್ನು 90ಕ್ಕೆ ಏರಿಸುತ್ತದೆ. ಇನ್ನೊಂದು, ಎಲ್‌ಎಂ2596 ಎಂಬ ಚಿಪ್ ಇರುವುದು, ಅದೇ 12 ವೋಲ್ಟನ್ನು ಫಿಲಮೆಂಟಿಗೆ ಬೇಕಾದ 1.4ಕ್ಕೆ ಇಳಿಸುತ್ತದೆ. ಎರಡಕ್ಕೂ ಒಂದೇ 12 ವೋಲ್ಟಿನ ಬ್ಯಾಟರಿ. ಸ್ವಿಚ್ ಹಾಕಿದಾಗ ರೇಡಿಯೋ ಮಾತನಾಡಿದ್ದು ನಿಜ, ಆದರೆ ಬೆಂಗಳೂರು ಆಕಾಶವಾಣಿಯ ಧ್ವನಿ ಗಂಟಲು ಕಟ್ಟಿದವರ ಮಾತಿನಂತೆ ಒಡೆದು ಬರುತ್ತಿದೆ, ಮತ್ತು ಡಯಲಿನ ಉದ್ದಕ್ಕೂ ನಿರ್ದಿಷ್ಟ ಅಂತರದಲ್ಲಿ ಸಿಳ್ಳೆ ಕೇಳುತ್ತದೆ. 90 ವೋಲ್ಟಿನ ದಾರಿಯಲ್ಲಿ 19 ಮಿಲಿ ಆಂಪಿಯರ್ ಹರಿಯುತ್ತಿದೆ. 3ಎಸ್4 ಸವೆದಿದೆಯೇ, ಬೇರೆ ವಾಲ್ವ್ ಹುಡುಕಬೇಕೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಶಿಡ್ಲಘಟ್ಟದ ರೇಡಿಯೋ ರಿಪೇರಿಯವರು

ಮೊದಲು ಆ ಸ್ವಿಚ್ ಆರಿಸಿಬಿಡಿ, ಈ ಉತ್ತರ ಪೂರ್ತಿ ಓದುವವರೆಗೆ ಮತ್ತೆ ಹಾಕಬೇಡಿ. ನಿಮ್ಮ 3ಎಸ್4 ಸವೆದಿರಲಾರದು. ಸವೆದ ವಾಲ್ವ್ ಕರೆಂಟನ್ನು ಕಡಿಮೆ ಎಳೆಯುತ್ತದೆ, ನಿಮ್ಮದು ಹೆಚ್ಚು ಎಳೆಯುತ್ತಿದೆ. ಈ ನಾಲ್ಕು ವಾಲ್ವಿನ ಸೆಟ್ಟುಗಳು ಆರೋಗ್ಯವಾಗಿದ್ದಾಗ 90 ವೋಲ್ಟಿನಲ್ಲಿ ಒಟ್ಟು 10ರಿಂದ 12 ಮಿಲಿ ಆಂಪಿಯರಿನ ಆಸುಪಾಸಿನಲ್ಲಿ ನಿಲ್ಲುತ್ತವೆ. 19 ಎಂದರೆ ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವಿನ, ಅಂದರೆ 3ಎಸ್4ರ, ಕಡಿವಾಣ ಕಳಚಿದೆ ಎಂದೇ ಅರ್ಥ.

ಆ ಕಡಿವಾಣ ಯಾವುದು ಎಂದು ವಿವರಿಸುತ್ತೇನೆ. 3ಎಸ್4 ಸರಿಯಾಗಿ ಕೆಲಸ ಮಾಡಬೇಕಾದರೆ ಅದರ ಕಂಟ್ರೋಲ್ ಗ್ರಿಡ್ (ಕರೆಂಟನ್ನು ಹಿಡಿತದಲ್ಲಿಡುವ ಒಳಜಾಲರಿ) ಫಿಲಮೆಂಟಿಗಿಂತ ಸುಮಾರು 7 ವೋಲ್ಟ್ ನೆಗೆಟಿವ್ ಆಗಿರಬೇಕು. ಇನ್ನೂ ಹಳೆಯ ಸೆಟ್ಟುಗಳಲ್ಲಿ ಇದಕ್ಕೆಂದೇ ಸಿ ಬ್ಯಾಟರಿ ಎಂಬ ಮೂರನೆಯ ಬ್ಯಾಟರಿ ಇರುತ್ತಿತ್ತು. ಆಮೇಲೆ ಬಂದ ಸೆಟ್ಟುಗಳಲ್ಲಿ ಆ ಬ್ಯಾಟರಿಯನ್ನು ತೆಗೆದು, 90 ವೋಲ್ಟಿನ ನೆಗೆಟಿವ್ ತಂತಿಗೂ ಚಾಸಿಗೂ (ಸೆಟ್ಟಿನ ತಗಡಿನ ಚೌಕಟ್ಟು) ನಡುವೆ ಒಂದು ಚಿಕ್ಕ ರೆಸಿಸ್ಟರ್ ಇಟ್ಟರು. ಸೆಟ್ಟಿನ ಪೂರ್ತಿ ಕರೆಂಟು ಅದರ ಮೂಲಕವೇ ಹಿಂತಿರುಗುವುದರಿಂದ, ಅದು 680 ಓಮ್ ಇದ್ದು 10.5 ಮಿಲಿ ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 7 ವೋಲ್ಟಿಗಿಂತ ತುಸು ಹೆಚ್ಚು ತಾನಾಗಿಯೇ ನಿಲ್ಲುತ್ತದೆ. ಗ್ರಿಡ್ಡಿಗೆ ಬೇಕಾದ ನೆಗೆಟಿವ್ ಸಿಗುವುದು ಅಲ್ಲಿಂದಲೇ.

ಈಗ ನಿಮ್ಮ ಜೋಡಣೆಯನ್ನು ನೋಡಿ. ಒಂದೇ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಆ ಎರಡು ಮಾಡ್ಯೂಲುಗಳ ನೆಗೆಟಿವ್ ಒಳಗೊಳಗೇ ಒಂದಾಗಿರುತ್ತದೆ. ಫಿಲಮೆಂಟಿನ ನೆಗೆಟಿವ್ ಚಾಸಿಗೆ ಸೇರಿದೆ, 90 ವೋಲ್ಟಿನ ನೆಗೆಟಿವ್ ರೆಸಿಸ್ಟರಿನ ಆಚೆ ತುದಿಗೆ ಸೇರಿದೆ. ಇವೆರಡನ್ನೂ ನಿಮ್ಮ ಮಾಡ್ಯೂಲುಗಳು ಹೊರಗಡೆ ಒಂದು ಮಾಡಿದ ಕೂಡಲೇ ಆ ರೆಸಿಸ್ಟರ್ ಶಾರ್ಟ್ ಆಯಿತು, ಗ್ರಿಡ್ಡಿನ ನೆಗೆಟಿವ್ ಸೊನ್ನೆಗೆ ಬಂತು. ವಾಲ್ವ್ ತಡೆಯಿಲ್ಲದೆ ಕರೆಂಟು ಎಳೆಯುತ್ತಿದೆ, ಧ್ವನಿ ಒಡೆಯುತ್ತಿದೆ. ಪರೀಕ್ಷೆ ಸುಲಭ. ಮೀಟರಿನ ಕೆಂಪು ಕಡ್ಡಿಯನ್ನು ಚಾಸಿಗೂ ಕಪ್ಪು ಕಡ್ಡಿಯನ್ನು 90 ವೋಲ್ಟಿನ ನೆಗೆಟಿವ್ ತಂತಿಗೂ ಹಿಡಿಯಿರಿ. ಅಲ್ಲಿ 7ರ ಸುತ್ತಮುತ್ತ ತೋರಿಸಬೇಕು, ನಿಮಗೆ ಸೊನ್ನೆ ಕಾಣಿಸುತ್ತದೆ. ಎರಡೂ ನೆಗೆಟಿವ್ ತಂತಿಗಳು ಸೆಟ್ಟಿನ ಹೊರಗೆ ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು.

ಇದನ್ನು ಸರಿಪಡಿಸಿದ ಮೇಲೂ ಕರೆಂಟು ಇಳಿಯದಿದ್ದರೆ 1ಎಸ್5ರ ಪ್ಲೇಟಿನಿಂದ (ವಾಲ್ವಿನ ಪಾಸಿಟಿವ್ ತಗಡು) 3ಎಸ್4ರ ಗ್ರಿಡ್ಡಿಗೆ ಹೋಗುವ ಕಂಡೆನ್ಸರನ್ನು ಸಂಶಯಿಸಿ. ಮೇಣ ಸವರಿದ ಕಾಗದದ ಕಂಡೆನ್ಸರುಗಳು ಇಷ್ಟು ವರ್ಷಕ್ಕೆ ಸೋರದೆ ಉಳಿದಿರುವುದನ್ನು ನಾನು ಕಂಡಿಲ್ಲ. ಅದು ಸ್ವಲ್ಪ ಸೋರಿದರೂ ಪ್ಲೇಟಿನ ಪಾಸಿಟಿವ್ ಗ್ರಿಡ್ಡಿಗೆ ಇಳಿದು ಇದೇ ಕೆಡುಕನ್ನು ಮಾಡುತ್ತದೆ. ಸೋರುವುದೋ ಇಲ್ಲವೋ ಎಂದು ಅಳೆಯುತ್ತಾ ಕೂರುವ ಬದಲು ಅದೇ ಮೈಕ್ರೋಫ್ಯಾರಡ್ ಅಳತೆಯ ಪಾಲಿಯೆಸ್ಟರ್ ಕಂಡೆನ್ಸರ್, 400 ವೋಲ್ಟ್ ತಡೆಯುವಂಥದ್ದು, ಹಾಕಿಬಿಡುವುದೇ ಮೇಲು. 90 ವೋಲ್ಟಿನ ಅಡ್ಡಕ್ಕೆ ಇರುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರನ್ನೂ ಬದಲಿಸಿ. ಕಂದು ಬಣ್ಣದ ಚಪ್ಪಟೆ ಮೈಕಾ ಕಂಡೆನ್ಸರುಗಳನ್ನು ಮತ್ತು ಐಎಫ್ ಡಬ್ಬಿಗಳ (ಶ್ರುತಿ ಮಾಡಿದ ಸುರುಳಿಗಳಿರುವ ಲೋಹದ ಡಬ್ಬಿ) ಸ್ಕ್ರೂಗಳನ್ನು ಮಾತ್ರ ಮುಟ್ಟಬೇಡಿ. ಕೈ ಸುಮ್ಮನಿರದೆ ಆ ಸ್ಕ್ರೂ ತಿರುಗಿಸಿ ಅಲೈನ್‌ಮೆಂಟ್ ಕೆಡಿಸಿಕೊಂಡು ಬಂದ ಸೆಟ್ಟುಗಳನ್ನು ಅಂಗಡಿಯಲ್ಲಿ ಬಹಳ ನೋಡಿದ್ದೇನೆ.

ಉತ್ತರ 2: ಬಂಗಾರಪೇಟೆಯಿಂದ

ಮೇಲಿನ ಹಿರಿಯರು ರೋಗದ ಮೂಲವನ್ನೇ ಹೇಳಿದ್ದಾರೆ. ಆ ಸಿಳ್ಳೆಯ ಬಗ್ಗೆ ಮತ್ತು ಪವರ್ ಕೊಡುವ ಕ್ರಮದ ಬಗ್ಗೆ ನನ್ನ ಅನುಭವ ಹೇಳುತ್ತೇನೆ.

ಎಲ್‌ಎಂ2596 ಸೆಕೆಂಡಿಗೆ ಒಂದೂವರೆ ಲಕ್ಷ ಬಾರಿ, ಅಂದರೆ 150 ಕಿಲೋಹರ್ಟ್ಸ್‌ನಲ್ಲಿ, ಸ್ವಿಚ್ ಆಗುತ್ತದೆ. ಅದರ ಗದ್ದಲ ಆ ಸಂಖ್ಯೆಯ ಮಡಿಗಳಲ್ಲೂ ಏಳುತ್ತದೆ, ನಾಲ್ಕನೆಯ ಮಡಿ 600. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಇರುವುದು 612ರಲ್ಲಿ, ಹಳೆಯ ಡಯಲಿನಲ್ಲಿ ಮೀಟರುಗಳಿದ್ದರೆ 490ರ ಹತ್ತಿರ. ಕೇಳಬೇಕಾದ ಸ್ಟೇಷನ್ನಿನ ಮಗ್ಗುಲಲ್ಲೇ ಗದ್ದಲವನ್ನು ಕೂರಿಸಿದಂತಾಯಿತು. 90 ವೋಲ್ಟಿನ ಮಾಡ್ಯೂಲೂ ತನ್ನದೇ ಗದ್ದಲ ಸೇರಿಸುತ್ತದೆ. ಇದಕ್ಕಿಂತ ನನಗೆ ಭಯ ತರುವುದು ಇನ್ನೊಂದು ಸಂಗತಿ. ಆ ಇಳಿಸುವ ಮಾಡ್ಯೂಲಿನ ಮೇಲಿರುವ ನೀಲಿ ಪ್ರಿಸೆಟ್ಟಿನ (ವೋಲ್ಟ್ ಹೊಂದಿಸುವ ತಿರುಪು) ಒಳಸಂಪರ್ಕ ಒಂದು ಕ್ಷಣ ತಪ್ಪಿದರೂ 12 ವೋಲ್ಟ್ ನೇರವಾಗಿ 1.4 ವೋಲ್ಟಿನ ಫಿಲಮೆಂಟಿಗೆ ಹೋಗಬಹುದು. ಆ ಫಿಲಮೆಂಟ್ ಕೂದಲಿಗಿಂತ ಸಣ್ಣ ಎಳೆ. ಕತ್ತಲು ಕೋಣೆಯಲ್ಲಿ ಕೈ ಮರೆ ಮಾಡಿ ನೋಡಿದರೆ ಮಾತ್ರ ಮಾಸಲು ಕೆಂಪಿನ ಗೆರೆಯೊಂದು ಕಾಣುತ್ತದೆ, ಎಷ್ಟೋ ಜನ ಅದು ಉರಿಯುತ್ತಲೇ ಇಲ್ಲವೆಂದು ತಿಳಿಯುತ್ತಾರೆ. ನಾನು ಸಣ್ಣವನಿದ್ದಾಗ ನಮ್ಮ ಮನೆಯ ಸೆಟ್ಟನ್ನು ರಿಪೇರಿಗೆ ಒಯ್ದ ಅಂಗಡಿಯಲ್ಲಿ 90 ವೋಲ್ಟಿನ ತಂತಿಯನ್ನು ಫಿಲಮೆಂಟಿನ ಪಿನ್ನಿಗೆ ತಾಗಿಸಿಬಿಟ್ಟರು. ನಾಲ್ಕೂ ವಾಲ್ವುಗಳು ಒಂದೇ ಬಾರಿಗೆ ಹೋದವು. ಹೊಗೆಯಿಲ್ಲ, ಸದ್ದಿಲ್ಲ. ಅಪ್ಪ ಆ ಸೆಟ್ಟನ್ನು ಆಮೇಲೆ ಹಚ್ಚಲೇ ಇಲ್ಲ.

ಆದ್ದರಿಂದ ಫಿಲಮೆಂಟಿಗೆ ದೊಡ್ಡ ಟಾರ್ಚಿನ 1.5 ವೋಲ್ಟ್ ಆಲ್ಕಲೈನ್ ಸೆಲ್ ಕೊಡುವುದೇ ಎಲ್ಲಕ್ಕಿಂತ ಕ್ಷೇಮ. ಏನೇ ಕೆಟ್ಟರೂ ಅದು ಒಂದೂವರೆ ವೋಲ್ಟನ್ನು ಮೀರಿ ಹೆಚ್ಚೇನೂ ಕೊಡಲಾರದು. 1ಆರ್5, 1ಟಿ4, 1ಎಸ್5 ತಲಾ 50 ಮಿಲಿ ಆಂಪಿಯರ್, 3ಎಸ್4 ಮಾತ್ರ 100, ಒಟ್ಟು 250. ಹೀಗಾಗಿ ಒಂದೇ ಸೆಲ್ಲಿಗಿಂತ ಎರಡನ್ನು ಪ್ಯಾರಲೆಲ್ ಹಾಕಿದರೆ ಹೆಚ್ಚು ದಿನ ಬರುತ್ತದೆ. ಸೆಲ್ಲು ಇಳಿಯುತ್ತಾ ಬಂದಾಗ ಸಾಮಾನ್ಯವಾಗಿ 1ಆರ್5ರ ಆಸಿಲೇಟರ್ (ಸ್ಟೇಷನ್ ಹಿಡಿಯಲು ಸೆಟ್ಟೇ ಒಳಗೆ ಹುಟ್ಟಿಸುವ ಕಂಪನ) ಮೊದಲು ನಿಲ್ಲುತ್ತದೆ, ಅದರಲ್ಲೂ 612 ಇರುವ ಕೆಳ ಫ್ರೀಕ್ವೆನ್ಸಿಯ ತುದಿಯಲ್ಲಿ. ಬೆಂಗಳೂರು ಮಾಯವಾಗಿ ಡಯಲಿನ ಇನ್ನೊಂದು ತುದಿಯ ಸ್ಟೇಷನ್ನು ಬರುತ್ತಿದ್ದರೆ ವಾಲ್ವನ್ನು ದೂರಬೇಡಿ, ಸೆಲ್ ಬದಲಿಸಿ.

90 ವೋಲ್ಟಿಗೆ ಹತ್ತು 9 ವೋಲ್ಟಿನ ಚೌಕ ಬ್ಯಾಟರಿ ಸಾಕು. 6ಎಫ್22 ಎಂದು ಕೇಳಿದರೆ ಕೋಲಾರದ ಸಣ್ಣ ಅಂಗಡಿಯಲ್ಲೂ ಕೊಡುತ್ತಾರೆ. ಒಂದರ ಗುಂಡಿಯನ್ನು ಇನ್ನೊಂದರ ಗುಂಡಿಗೆ ಒತ್ತಿದರೆ ತಂತಿಯೇ ಇಲ್ಲದೆ ಸಾಲಾಗಿ ಕೂರುತ್ತವೆ. ಆಲ್ಕಲೈನ್ ಆದರೆ ಸುಮಾರು 500 ಮಿಲಿ ಆಂಪಿಯರ್ ಅವರ್ ಇರುತ್ತದೆ. 11 ಮಿಲಿ ಆಂಪಿಯರ್ ಎಳೆಯುವ ಸೆಟ್ಟಿಗೆ ನಲವತ್ತು ಗಂಟೆಯ ಮೇಲೆ ಬಂತು, ದಿನಕ್ಕೆರಡು ಗಂಟೆ ಕೇಳಿದರೆ ಮೂರು ವಾರ. ನಾನು ಅವನ್ನು ಹಳೆಯ ಪ್ಯಾಕಿನ ಅಳತೆಯ ರಟ್ಟಿನ ಡಬ್ಬಿಯಲ್ಲಿ ಜೋಡಿಸಿ, ಹೊರಗೆ ಕಾಣುವ ಗುಂಡಿಗಳಿಗೆಲ್ಲ ಟೇಪ್ ಸುತ್ತಿದ್ದೇನೆ, ಏಕೆಂದರೆ 90 ವೋಲ್ಟ್ ಡಿ.ಸಿ. ಒದ್ದೆ ಕೈಗೆ ತಾಗಿದರೆ ಆಟವಲ್ಲ. ಸೆಲ್ಲಿನ ಪ್ಲಗ್ಗೂ 90 ವೋಲ್ಟಿನ ಪ್ಲಗ್ಗೂ ಬೇರೆ ಬೇರೆ ಆಕಾರದ್ದಾಗಿರಲಿ, ಒಂದರ ಜಾಗಕ್ಕೆ ಇನ್ನೊಂದು ಹೋಗಲೇಬಾರದು. ಮೊದಲ ಸಲ ಹಾಕುವಾಗ 90ರ ಪಾಸಿಟಿವ್ ದಾರಿಯಲ್ಲಿ 10 ಕಿಲೋಓಮ್ ರೆಸಿಸ್ಟರ್ ಇಡಿ. ಎಲ್ಲೋ ತಪ್ಪಾಗಿ ಫಿಲಮೆಂಟಿಗೆ ತಾಗಿದರೂ 9 ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯದು, ವಾಲ್ವ್ ಉಳಿಯುತ್ತದೆ. ಫಿಲಮೆಂಟಿನ ಪಿನ್ನುಗಳಲ್ಲಿ ಹೆಚ್ಚಿನ ವೋಲ್ಟ್ ಇಲ್ಲವೆಂದು ಖಾತ್ರಿಯಾದ ಮೇಲೆ ಅದನ್ನು ತೆಗೆಯಿರಿ.

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ನಮ್ಮ ಪಕ್ಕದ ಕೋಲಾರ ಚಿನ್ನದ ಗಣಿಗೆ ಬಂದಿತ್ತು. ಗಣಿಯ ದೀಪ ರಾತ್ರಿ ದೂರದಿಂದ ಕಾಣುತ್ತಿದ್ದ ಹಳ್ಳಿಗಳಲ್ಲಿ ಮಾತ್ರ ಎಷ್ಟೋ ದಶಕ ಬುಡ್ಡಿದೀಪವೇ ಇತ್ತು. ಈ ಸೆಟ್ಟುಗಳು ಬಂದದ್ದು ಅಂಥ ಮನೆಗಳಿಗೆ. ಹಾಗಾಗಿಯೇ ಇವನ್ನು ಕಂಡರೆ ನನಗೆ ಬಿಡಲು ಮನಸ್ಸಾಗುವುದಿಲ್ಲ.

ಉತ್ತರ 3: ಮಧುಗಿರಿಯ ಕೇಳುಗ

ಇಬ್ಬರು ಹಿರಿಯರಿಗೂ ನನ್ನ ನಮಸ್ಕಾರಗಳು. ಶಿಡ್ಲಘಟ್ಟದವರು ಹೇಳಿದಂತೆ ಮೀಟರ್ ಹಿಡಿದಾಗ ಸೊನ್ನೆಯೇ ತೋರಿಸಿತು. ಎರಡೂ ಮಾಡ್ಯೂಲುಗಳನ್ನು ತೆಗೆದಿಟ್ಟು, ಎರಡು ದೊಡ್ಡ ಸೆಲ್ ಮತ್ತು ಹತ್ತು 6ಎಫ್22 ತಂದು, ನೆಗೆಟಿವ್ ತಂತಿಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆಯಾಗಿ ಎಳೆದೆ. 10 ಕಿಲೋಓಮ್ ಇಟ್ಟು ಪರೀಕ್ಷಿಸಿ ತೆಗೆದ ನಂತರ ಕರೆಂಟು 19ರಿಂದ 13ಕ್ಕೆ ಇಳಿಯಿತು. ಇನ್ನೂ ತುಸು ಹೆಚ್ಚೆನಿಸಿ ಗ್ರಿಡ್ಡಿನ ಕಂಡೆನ್ಸರ್ ಬಿಚ್ಚಿದೆ. ಅದರ ಮೇಣ ಒಂದು ಕಡೆ ಕರಗಿ ಹರಿದಿತ್ತು, ಬೆಸುಗೆ ಬಿಡಿಸುವಾಗಲೇ ಒಂದು ಕಾಲು ಕಳಚಿ ಕೈಗೆ ಬಂತು. 0.01 ಮೈಕ್ರೋಫ್ಯಾರಡಿನ ಹೊಸದನ್ನು ಹಾಕಿದ ಮೇಲೆ ಈಗ 10.8ರಲ್ಲಿ ನಿಂತಿದೆ. ರೆಸಿಸ್ಟರಿನ ಅಡ್ಡಕ್ಕೆ 7.3 ವೋಲ್ಟ್ ಬರುತ್ತಿದೆ.

ಏರಿಯಲ್‌ಗೆ ಹಿತ್ತಲಿನ ಎರಡು ತೆಂಗಿನ ಮರಗಳ ನಡುವೆ ಹದಿನೈದು ಮೀಟರ್ ತಂತಿ ಕಟ್ಟಿದ್ದೇನೆ, ಅರ್ಥ್‌ಗೆ ಬಾವಿಯ ಪಕ್ಕದ ಒದ್ದೆ ನೆಲದಲ್ಲಿ ಕಬ್ಬಿಣದ ಸಲಾಕೆ ಹೊಡೆದಿದ್ದೇನೆ. ಇಂದು ಬೆಳಿಗ್ಗೆ ಪ್ರದೇಶ ಸಮಾಚಾರ ಸಿಳ್ಳೆಯಿಲ್ಲದೆ ಸ್ವಚ್ಛವಾಗಿ ಬಂತು. ಅಡುಗೆಮನೆಯಲ್ಲಿದ್ದ ಅಮ್ಮ ಹೊರಗೆ ಬಂದು, ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ವಾರ್ತೆ ಮುಗಿಯುವವರೆಗೂ ನಿಂತಿದ್ದರು.

ಇನ್ನೊಂದು ಸಂದೇಹವಿದೆ. ಡಯಲಿನ ಗಾಜು ಮಸಿ ಹಿಡಿದು ಮಂಕಾಗಿದೆ, ಸ್ಟೇಷನ್ನಿನ ಅಕ್ಷರಗಳು ಸರಿಯಾಗಿ ಕಾಣುತ್ತಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಬಹುದೇ?

ಉತ್ತರ 4: ಶಿಡ್ಲಘಟ್ಟದ ರೇಡಿಯೋ ರಿಪೇರಿಯವರು

ಓದಿ ಬಹಳ ಸಂತೋಷವಾಯಿತು. ಗಾಜಿಗೆ ಸ್ಪಿರಿಟ್ ಖಂಡಿತ ಬೇಡ. ಅಕ್ಷರಗಳು ಗಾಜಿನ ಒಳಬದಿಯಲ್ಲಿ ಬಣ್ಣದಲ್ಲಿ ಅಚ್ಚಾಗಿರುತ್ತವೆ, ಸ್ಪಿರಿಟ್ ತಾಗಿದರೆ ಒರೆಸುವ ಬಟ್ಟೆಗೇ ಬಂದುಬಿಡುತ್ತವೆ. ಹೊರಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಬದಿಗೆ ನೀರೂ ಬೇಡ, ಒಣಗಿದ ಮೆತ್ತನೆಯ ಕುಂಚದಿಂದ ಧೂಳು ಮಾತ್ರ ತೆಗೆಯಿರಿ. ಬ್ಯಾಟರಿ ಸೋರಿದ ಜಾಗದ ಬಿಳಿ ಉಪ್ಪನ್ನು ಹಾಗೇ ಬಿಡಬೇಡಿ, ಅದು ತಗಡನ್ನು ತಿನ್ನುತ್ತಲೇ ಇರುತ್ತದೆ. ಚಾಸಿಯಿಂದ ಬ್ಯಾಟರಿಗಳನ್ನು ಬಿಡಿಸಿ, ಉಪ್ಪನ್ನು ಕೆರೆದು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಪೂರ್ತಿ ಒಣಗಿದ ಮೇಲೆಯೇ ಮತ್ತೆ ಜೋಡಿಸಿ. ಒಂದು ವಾರಕ್ಕಿಂತ ಹೆಚ್ಚು ದಿನ ಕೇಳುವುದಿಲ್ಲವೆಂದಾದರೆ ಹೊಸ ಸೆಲ್ಲುಗಳನ್ನೂ ಹೊರಗೆ ತೆಗೆದಿಡಿ.