ಬಿಲ್‌ನಲ್ಲಿ 304 ಅಂತ ಇದೆ, ಟ್ಯಾಂಕ್ ಯಾಕೆ ಸೀಳಿತು?

ಪ್ರಶ್ನೆ (ಕಾರಟಗಿ, ರೈಸ್ ಮಿಲ್):
ಸರ್, ನಮ್ಮದು ಬಾಯಿಲ್ಡ್ ಅಕ್ಕಿ ಮಾಡುವ ಮಿಲ್. ಭತ್ತ ನೆನೆಹಾಕುವ ಹಳೇ ಎಂಎಸ್ (ಮಾಮೂಲಿ ಉಕ್ಕು) ಟ್ಯಾಂಕ್ ತೆಗೆಸಿ ಹೋದ ವರ್ಷ ಸ್ಟೇನ್‌ಲೆಸ್ ಹಾಕಿಸಿದೆವು. 14 ತಿಂಗಳಿಗೇ ಜಾಯಿಂಟ್ ಪಕ್ಕ ಕೂದಲೆಳೆಯಂಥ ಸೀಳು, ಹನಿ ಹನಿ ಸೋರುತ್ತಿದೆ. ಬಿಲ್‌ನಲ್ಲಿ ಸ್ಟೇನ್‌ಲೆಸ್ ಗ್ರೇಡ್ 304 ಅಂತ ಇದೆ, ಆಯಸ್ಕಾಂತ ಇಟ್ಟರೆ ಅಂಟುವುದಿಲ್ಲ. ಶೀಟ್ ಕೊಟ್ಟವರು ವೆಲ್ಡರ್ ತಪ್ಪು ಅಂತಾರೆ, ವೆಲ್ಡರ್ ಶೀಟೇ ಡೂಪ್ಲಿಕೇಟ್ ಅಂತಾನೆ. ಯಾರನ್ನು ಹಿಡಿಯಬೇಕು?

ಉತ್ತರ:
ಮೊದಲು ನೀರನ್ನು ಹಿಡಿಯಿರಿ. ಬೋರ್‌ವೆಲ್ ನೀರಾ, ಕಾಲುವೆ ನೀರಾ? ಎಷ್ಟು ಬಿಸಿಯಲ್ಲಿ ನೆನೆಸುತ್ತೀರಿ? ಕ್ಲೋರೈಡ್ ಎಷ್ಟಿದೆ? ಈ ಮೂರು ಗೊತ್ತಿಲ್ಲದೆ ಶೀಟ್ ಬಗ್ಗೆ ಜಗಳ ಆಡಿ ಪ್ರಯೋಜನ ಇಲ್ಲ.

ಪ್ರಶ್ನೆ (ಅವರೇ):
ಬೋರ್‌ವೆಲ್. 70 ಡಿಗ್ರಿ. ನೀರಿನ ರಿಪೋರ್ಟ್ ಬಾಯ್ಲರ್‌ಗೆ ಅಂತ ಮಾಡಿಸಿದ್ದು ಸಿಕ್ಕಿತು, ಕ್ಲೋರೈಡ್ ಲೀಟರಿಗೆ 640 ಮಿಲಿಗ್ರಾಂ.

ಉತ್ತರ:
ಹಾಗಾದರೆ ನಿಮ್ಮ ಶೀಟ್ ಅಸಲಿ 304 ಆಗಿದ್ದರೂ ಸೀಳುತ್ತಿತ್ತು. ಸ್ವಲ್ಪ ಉದ್ದ ಹೇಳುತ್ತೇನೆ, ಈ ಭಾಗದ ಮಿಲ್‌ಗಳಲ್ಲಿ ಇದನ್ನು ತುಂಬಾ ಸಲ ನೋಡಿದ್ದೇನೆ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯಲ್ಲ ಅನ್ನುವುದು ಅರ್ಧ ಸತ್ಯ. ಅದರಲ್ಲೂ ಕಬ್ಬಿಣವೇ ಜಾಸ್ತಿ. ಕನಿಷ್ಠ 10.5 ಪರ್ಸೆಂಟ್ ಕ್ರೋಮಿಯಂ ಇದ್ದರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಒಂದು ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಗೀರು ಬಿದ್ದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಪೊರೆಗೆ ದೊಡ್ಡ ಶತ್ರು ಕ್ಲೋರೈಡ್, ಅಂದರೆ ಉಪ್ಪು. ಮನೆಯಲ್ಲಿ ಉಪ್ಪಿನಕಾಯಿಯನ್ನು ಅಜ್ಜಿಯರು ಸ್ಟೀಲ್ ಡಬ್ಬಿಗೆ ಹಾಕದೆ ಭರಣಿಗೇ ಹಾಕುತ್ತಿದ್ದರಲ್ವಾ, ಸ್ಟೀಲಿಗೆ ಹಾಕಿಟ್ಟು ಮರೆತವರ ಡಬ್ಬಿ ತಳದಲ್ಲಿ ಕಪ್ಪು ಚುಕ್ಕೆಗಳು, ಅದೇ ಕಥೆ. ಎಂಎಸ್ ಎಲ್ಲ ಕಡೆ ಸಮನಾಗಿ ಸವೆಯುತ್ತದೆ, ನೋಡಿದರೆ ಗೊತ್ತಾಗುತ್ತದೆ. ಸ್ಟೇನ್‌ಲೆಸ್ ಹಾಗಲ್ಲ. ಉಳಿದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿರುವಾಗ ಒಂದೇ ಕಡೆ ಸೂಜಿ ತೂತು ಕೊರೆದುಕೊಂಡು ಹೋಗಿರುತ್ತದೆ.

ತಣ್ಣೀರಿಗೆ ನಮ್ಮ ಕೆಲಸದವರು ಬಳಸುವ ಅಂದಾಜು ಲೆಕ್ಕ ಹೀಗೆ: ಕ್ಲೋರೈಡ್ ಲೀಟರಿಗೆ 200 ಮಿಲಿಗ್ರಾಂವರೆಗೆ 304 ಸಾಕು, 1000ದವರೆಗೆ ಅದಕ್ಕಿಂತ ಗಟ್ಟಿ ಗ್ರೇಡ್ 316. ಕುಡಿಯುವ ನೀರಿಗೇ ನಮ್ಮ ದೇಶದ ಮಾನದಂಡದಲ್ಲಿ 250 ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 1000ದವರೆಗೆ ನಡೆಯುತ್ತದೆ ಅಂತ ಇದೆ. ಅಂದರೆ ನೀವು ಕುಡಿಯಬಹುದಾದ ನೀರನ್ನು 304 ತಡೆಯಲಾರದು!

ನಿಮ್ಮಲ್ಲಿ ಅದರ ಮೇಲೆ ಬಿಸಿ ಬೇರೆ. 60 ಡಿಗ್ರಿ ದಾಟಿದ ಮೇಲೆ 304, 316 ಎರಡಕ್ಕೂ ಇನ್ನೊಂದು ಕಾಯಿಲೆ ಬರುತ್ತದೆ. ಒಳಗೆ ಎಳೆತ ಇರುವ ಜಾಗದಲ್ಲಿ ಕ್ಲೋರೈಡ್ ಸೇರಿಕೊಂಡು ಬೇರು ಬಿಟ್ಟ ಹಾಗೆ ಕವಲು ಕವಲಾಗಿ ಸೀಳುತ್ತದೆ. ವೆಲ್ಡ್ ತಣ್ಣಗಾಗುವಾಗ ಅಕ್ಕಪಕ್ಕ ಎಳೆದುಕೊಂಡಿರುತ್ತದೆ, ಅದಕ್ಕೇ ಸೀಳು ಯಾವಾಗಲೂ ಜಾಯಿಂಟ್ ಪಕ್ಕ. ನೀರಿನ ಮಟ್ಟ ಏರಿ ಇಳಿಯುವ ಗೆರೆಯಲ್ಲಿ ನೋಡಿ, ಅಲ್ಲಿ ನೀರು ಒಣಗಿ ಉಪ್ಪು ಕೂರುತ್ತದೆ, ರಿಪೋರ್ಟ್‌ನಲ್ಲಿ 640 ಇದ್ದರೂ ಆ ಗೆರೆಯಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಡೈ ಪೆನೆಟ್ರೆಂಟ್ ಸ್ಪ್ರೇ (ಸೀಳಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹೊಡೆಸಿ. ಕವಲೊಡೆದ ಕೆಂಪು ಗೆರೆ ಕಂಡರೆ ನಾನು ಹೇಳಿದ್ದೇ.

ವೆಲ್ಡರ್ ಪೂರ್ತಿ ಬಚಾವ್ ಅಂತಲ್ಲ. ವೆಲ್ಡ್ ಪಕ್ಕ ನೀಲಿ-ಕಂದು ಬಣ್ಣ ಹಾಗೇ ಬಿಟ್ಟಿದ್ದಾನಾ? ಆ ಬಣ್ಣದ ಕೆಳಗೆ ಕ್ರೋಮಿಯಂ ಕಡಿಮೆ ಆಗಿರುತ್ತದೆ, ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆಯಲೇಬೇಕು. (ಆ ಪೇಸ್ಟ್‌ನಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಚರ್ಮದೊಳಗೆ ಇಳಿಯುತ್ತದೆ, ನೋವು ತಡವಾಗಿ ಗೊತ್ತಾಗುತ್ತದೆ. ಗ್ಲೌಸ್, ಕನ್ನಡಕ, ಪಕ್ಕದಲ್ಲಿ ಆ ಆಸಿಡ್ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಮುಟ್ಟಬೇಡಿ.) ಆಮೇಲೆ ನಿಮ್ಮದು ಬರೀ 304, 304ಎಲ್ ಅಲ್ಲ. ಎಲ್ ಅಂದರೆ ಕಾರ್ಬನ್ 0.03 ಪರ್ಸೆಂಟ್ ಒಳಗೆ. ಕಾರ್ಬನ್ ಜಾಸ್ತಿ ಇದ್ದರೆ ವೆಲ್ಡ್ ಬಿಸಿಗೆ ಅದು ಕ್ರೋಮಿಯಂ ಜೊತೆ ಸೇರಿ ಕಣಗಳ ಅಂಚಿನಲ್ಲಿ ಕೂತುಬಿಡುತ್ತದೆ, ಅಂಚಿಗೆ ಕಾವಲು ಇಲ್ಲದಂತಾಗುತ್ತದೆ. ತೆಳು ಶೀಟಿಗೆ ಇದು ಅಷ್ಟಾಗಿ ಕಾಡುವುದಿಲ್ಲ, ದಪ್ಪ ಪ್ಲೇಟಿಗೆ ಕಾಡುತ್ತದೆ.

ಪ್ರಶ್ನೆ (ಬಳ್ಳಾರಿ, ಫ್ಯಾಬ್ರಿಕೇಟರ್):
ಆಯಸ್ಕಾಂತ ಅಂಟಲಿಲ್ಲ ಅಂದ್ರೆ 304 ಅಂತ ಅರ್ಥ ಅಲ್ವಾ? ನಾವೆಲ್ಲ ಹಾಗೇ ನೋಡೋದು.

ಉತ್ತರ:
ಅಲ್ಲ! 202 ಅನ್ನುವ ಅಗ್ಗದ ಗ್ರೇಡಿಗೂ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ 4ರಿಂದ 6 ಪರ್ಸೆಂಟ್ ಮಾತ್ರ, ಬದಲಿಗೆ ಮ್ಯಾಂಗನೀಸ್ ತುಂಬಿರುತ್ತಾರೆ. 304ರಲ್ಲಿ ನಿಕ್ಕಲ್ 8ಕ್ಕಿಂತ ಮೇಲೆ. ಇನ್ನೂ ಅಗ್ಗದ್ದು ಬೇಕೆಂದರೆ ನಿಕ್ಕಲ್ 1 ಪರ್ಸೆಂಟ್ ಆಸುಪಾಸಿನದೂ ಮಾರ್ಕೆಟ್‌ನಲ್ಲಿ ಸಿಗುತ್ತದೆ, ಹೊಳಪು ಒಂದೇ. ತಮಾಷೆ ಏನಂದರೆ ಅಸಲಿ 304 ಬಗ್ಗಿಸಿದ ಕಡೆ ಆಯಸ್ಕಾಂತವನ್ನು ಸ್ವಲ್ಪ ಎಳೆಯುತ್ತದೆ, ಅದನ್ನು ನೋಡಿ ಒಳ್ಳೆ ಶೀಟ್ ವಾಪಸ್ ಕಳಿಸಿದವರೂ ಇದ್ದಾರೆ. ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಉಕ್ಕಿನ ಕಾರ್ಖಾನೆ ಕೊಡುವ ಪರೀಕ್ಷಾ ಪತ್ರ) ಕೇಳಿ, ಅದರ ಹೀಟ್ ನಂಬರ್ (ಕರಗಿಸಿದ ಬ್ಯಾಚ್‌ನ ಗುರುತು) ಶೀಟ್ ಮೇಲಿನದಕ್ಕೆ ಹೊಂದುತ್ತದಾ ನೋಡಿ. ದೊಡ್ಡ ಆರ್ಡರ್ ಆದರೆ ಲೋಹದಲ್ಲಿ ಏನೇನಿದೆ ಅಂತ ತೋರಿಸುವ ಎಕ್ಸ್‌ರೇ ಗನ್ ಇರುವವರನ್ನು ಕರೆಸಿ, ನಿಮಿಷದ ಕೆಲಸ.

ಪ್ರಶ್ನೆ (ಬಳ್ಳಾರಿ, ಜೀನ್ಸ್ ವಾಷಿಂಗ್):
ನಾವು ಬ್ಲೀಚ್ ಲಿಕ್ವಿಡ್ ಇಡೋಕೆ 316 ಡ್ರಮ್ ಮಾಡಿಸಿದ್ವಿ, ಅದೂ ತೂತು. ದುಡ್ಡು ಸುಮ್ನೆ ಹೋಯ್ತು.

ಉತ್ತರ:
ಹೈಪೋ, ಅಂದರೆ ನಿಮ್ಮ ಬ್ಲೀಚ್ ಲಿಕ್ವಿಡ್, ಇಡಲು ಯಾವ ಸ್ಟೇನ್‌ಲೆಸ್ಸೂ ಬೇಡ. 316ರಲ್ಲಿ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಂ ಇರುವುದರಿಂದ ಉಪ್ಪುನೀರಿಗೆ ಗಟ್ಟಿ, ಆದರೆ ಸಾಂದ್ರ ಹೈಪೋ ಅದನ್ನೂ ತಿನ್ನುತ್ತದೆ. ಎಚ್‌ಡಿಪಿಇ ಪ್ಲಾಸ್ಟಿಕ್ ಡ್ರಮ್ ಸಾಕು, ಬೆಲೆಯೂ ಕಡಿಮೆ. ವಾಷಿಂಗ್ ಮಷೀನ್ ಡ್ರಮ್ 316ಎಲ್ ಇರಲಿ, ಬ್ಲೀಚ್ ಮುಗಿದ ತಕ್ಷಣ ನ್ಯೂಟ್ರಲೈಸ್ ಮಾಡಿ ಒಳ್ಳೆ ನೀರಲ್ಲಿ ತೊಳೆಯಿರಿ. ರಾತ್ರಿಯಿಡೀ ತಳದಲ್ಲಿ ನಿಲ್ಲಿಸಬೇಡಿ, ಹಾಳಾಗುವುದು ಕೆಲಸದ ಹೊತ್ತಲ್ಲಿ ಅಲ್ಲ, ರಜೆ ದಿನ.

ಪ್ರಶ್ನೆ (ರಾಯಚೂರು, ಮನೆ ರೇಲಿಂಗ್):
ಗೃಹಪ್ರವೇಶಕ್ಕೆ ಮೊದಲು ಟೈಲ್ಸ್ ಆಸಿಡ್ ಹಾಕಿ ತೊಳೆಸಿದೆವು. ವಾರದಲ್ಲಿ ಸ್ಟೀಲ್ ರೇಲಿಂಗ್ ಕಂದು. ಆಸಿಡ್ ರೇಲಿಂಗ್ ಮೇಲೆ ಬಿದ್ದೇ ಇಲ್ಲ.

ಉತ್ತರ:
ಬೀಳಬೇಕಿಲ್ಲ, ಹೊಗೆ ಸಾಕು. ಆ ಆಸಿಡ್ ಹೈಡ್ರೋಕ್ಲೋರಿಕ್. ಮೊದಲು ಚೆನ್ನಾಗಿ ತೊಳೆದು, ಸ್ಟೇನ್‌ಲೆಸ್‌ಗೇ ಅಂತ ಬರುವ ಕ್ಲೀನರ್‌ನಿಂದ ಗೆರೆ ಇರುವ ದಿಕ್ಕಿಗೇ ಉಜ್ಜಿ. ಕಬ್ಬಿಣದ ನಾರು ಬೇಡ, ಅದರ ಚೂರೇ ಅಂಟಿ ತುಕ್ಕಾಗುತ್ತದೆ.

ಪ್ರಶ್ನೆ (ಸಂಡೂರು):
ನಮ್ಮ ಕಡೆ ಕಬ್ಬಿಣದ ಅದಿರಿನ ಲಾರಿ ಧೂಳಿಗೆ ಹೊಸ ಗೇಟೂ ಕೆಂಪು. ಅದೂ ತುಕ್ಕಾ?

ಉತ್ತರ:
ಅದಿರಿನ ಧೂಳು ಈಗಾಗಲೇ ಆಕ್ಸೈಡ್, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಹೆದರಬೇಡಿ. ಆದರೆ ಸ್ಪಾಂಜ್ ಐರನ್ ಫ್ಯಾಕ್ಟರಿ ಹತ್ತಿರದವರು ಹುಷಾರು. ಆ ಧೂಳಲ್ಲಿ ಲೋಹದ ಕಬ್ಬಿಣವೇ ಇರುತ್ತದೆ, ಮಂಜು ಬಿದ್ದರೆ ಅಲ್ಲೇ ತುಕ್ಕಾಗಿ ಕಚ್ಚಿಕೊಳ್ಳುತ್ತದೆ. ವರ್ಕ್‌ಶಾಪ್‌ನಲ್ಲಿ ಎಂಎಸ್ ಗ್ರೈಂಡಿಂಗ್ ಕಿಡಿ ಸ್ಟೇನ್‌ಲೆಸ್ ಮೇಲೆ ಹಾರಿದರೂ ಇದೇ ಗತಿ.

ಪ್ರಶ್ನೆ (ಕಾರಟಗಿ):
ಡೈ ಹೊಡೆಸಿದೆ ಸರ್. ಕವಲು ಕವಲೇ. ಈಗ ತೇಪೆ ಹಾಕಿಸಲಾ, 316ಕ್ಕೆ ಹೋಗಲಾ?

ಉತ್ತರ:
ತೇಪೆ ಹಾಕಿದರೆ ತೇಪೆ ಪಕ್ಕ ಹೊಸ ಎಳೆತ, ಅಲ್ಲಿ ಹೊಸ ಸೀಳು. ಸೀಸನ್ ಮುಗಿಸಲು ಬೇಕಿದ್ದರೆ ಹಾಕಿ, ನಂಬಬೇಡಿ. 316ಎಲ್ ಸೂಜಿ ತೂತು ತಡೆಯಲು ಒಳ್ಳೆಯದು, ಈ ಸೀಳಿಗೆ 304ಕ್ಕಿಂತ ಸ್ವಲ್ಪವೇ ವಾಸಿ, ಆ ಬೆಲೆಗೆ ನಾನಂತೂ ಹೇಳಲ್ಲ. ಎರಡು ದಾರಿ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ತಿಂಗಳುಗಳಲ್ಲಿ ಆ ನೀರು ತುಂಬಿಟ್ಟುಕೊಂಡು ಬೋರಿಗೆ ಬೆರೆಸಿ, ಅಥವಾ ಆರ್‌ಓ ಹಾಕಿಸಿ ಕ್ಲೋರೈಡ್ ಇಳಿಸಿ. ಅದು ಆಗದಿದ್ದರೆ ಡೂಪ್ಲೆಕ್ಸ್ 2205, ಅದು ಇನ್ನೊಂದು ಬಗೆಯ ಸ್ಟೇನ್‌ಲೆಸ್. ಕ್ರೋಮಿಯಂ 22 ಪರ್ಸೆಂಟ್, ಮಾಲಿಬ್ಡಿನಂ 3ರ ಹತ್ತಿರ, ಈ ಸೀಳುವ ಕಾಯಿಲೆಗೆ ತುಂಬಾ ಗಟ್ಟಿ. ಬಲವೂ 304ರ ಎರಡು ಪಟ್ಟು, 304ರದ್ದು 205, ಇದರದ್ದು 450 ಮೆಗಾಪಾಸ್ಕಲ್, ಹಾಗಾಗಿ ತೆಳು ಪ್ಲೇಟ್ ಸಾಕಾಗಿ ಬೆಲೆ ಸ್ವಲ್ಪ ಸರಿದೂಗುತ್ತದೆ. ಕಷ್ಟ ಒಂದೇ, ಬಿಸಿ ಲೆಕ್ಕ ತಪ್ಪಿದರೆ ಡೂಪ್ಲೆಕ್ಸ್ ವೆಲ್ಡ್ ಕೆಡುತ್ತದೆ, ಮೊದಲು ಮಾಡಿದ ಅನುಭವ ಇರುವವನೇ ಬೇಕು.

ಹಳೇ ಟ್ಯಾಂಕ್ ಗುಜರಿಗೆ ಹಾಕುವ ಮುಂಚೆ ಸೀಳು ಇರುವ ಕಡೆ ಅಂಗೈ ಅಗಲದ ತುಂಡು ಕತ್ತರಿಸಿ ಇಟ್ಟುಕೊಳ್ಳಿ. ಶೀಟ್ ಕೊಟ್ಟವರ ಜೊತೆ ಮಾತಾಡುವಾಗ ಅದೇ ನಿಮ್ಮ ಸಾಕ್ಷಿ, 202 ಅಂತ ಗನ್‌ನಲ್ಲಿ ಬಂದರೆ ಆಗ ಜಗಳ ಆಡಿ.