ಜಪಾನಿನ ದೇವಸ್ಥಾನಗಳಲ್ಲಿ ಉಮೆ ಹೂವು ನೋಡಲು ಯಾವಾಗ, ಎಲ್ಲಿಗೆ ಹೋಗಬೇಕು? ಅನುಭವ ಇರುವವರು ತಿಳಿಸಿ

ಮೈಸೂರಿನಿಂದ ಪ್ರಶ್ನೆ

ಮಗಳು ಟೋಕಿಯೊದಲ್ಲಿ ಕೆಲಸದಲ್ಲಿದ್ದಾಳೆ. ಬರುವ ವರ್ಷದ ಆರಂಭದಲ್ಲಿ ಅವಳ ಬಳಿ ಹೋಗುವವರಿದ್ದೇವೆ. ಎಪ್ಪತ್ತು ದಾಟಿದ ನಮ್ಮ ಅತ್ತೆಯವರೂ ಜೊತೆಗೆ ಬರುತ್ತಾರೆ. ಚೆರಿ ಹೂವಿನ ಕಾಲದ ನೂಕುನುಗ್ಗಲು ಅವರಿಗೆ ಆಗದು, ಹೋಟೆಲ್ ದರವೂ ಆಗ ಗಗನಕ್ಕೇರಿರುತ್ತದೆ. ಅದಕ್ಕೂ ಮುಂಚೆ ಅರಳುವ ಪ್ಲಮ್ ಹೂವು, ಅಂದರೆ ಅಲ್ಲಿನವರ ಉಮೆ, ದೇವಸ್ಥಾನಗಳ ಅಂಗಳದಲ್ಲಿ ಚೆನ್ನಾಗಿರುತ್ತದೆ ಎಂದು ಮಗಳು ಹೇಳುತ್ತಾಳೆ. ಫೆಬ್ರವರಿ ಕೊನೆಗೋ ಮಾರ್ಚ್ ನಡುವಿಗೋ ಇನ್ನೂ ಗೊತ್ತುಮಾಡಿಲ್ಲ. ಟೋಕಿಯೊ, ಕ್ಯೋಟೊ ಎರಡೂ ಕಡೆ ಇರುತ್ತೇವೆ. ಅತ್ತೆಯವರಿಗೆ ಮಂಡಿನೋವು, ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಕ್ಯೋಟೊದಲ್ಲಿ ನೆಲೆಸಿರುವವರ ಉತ್ತರ

ಉಮೆಗೆ ಹೆಸರಾದ ಜಾಗಗಳಲ್ಲಿ ಬಹುಪಾಲು ಬೌದ್ಧ ಮಂದಿರಗಳಲ್ಲ, ಜಪಾನಿನ ಮೂಲಧರ್ಮವಾದ ಶಿಂಟೊದ ಗುಡಿಗಳು. ಅದರಲ್ಲೂ ತೆನ್‌ಮಾಂಗೂ ಎಂದೋ ತೆಂಜಿನ್ ಎಂದೋ ಕರೆಸಿಕೊಳ್ಳುವಂಥವು. ಅಲ್ಲಿ ಪೂಜೆಗೊಳ್ಳುವವನು ಸುಗವಾರಾ ನೊ ಮಿಚಿಜಾನೆ ಎಂಬ ವಿದ್ವಾಂಸ ಮಂತ್ರಿ. ಆಸ್ಥಾನದ ಒಳಸಂಚಿಗೆ ಸಿಕ್ಕಿ 901ರಲ್ಲಿ ಕ್ಯೂಶು ದ್ವೀಪದ ದಝೈಫುಗೆ ಗಡೀಪಾರಾದ, 903ರಲ್ಲಿ ಅಲ್ಲೇ ತೀರಿಕೊಂಡ. ಅವನು ಕ್ಯೋಟೊದ ಮನೆಯಂಗಳದಲ್ಲಿ ಬಿಟ್ಟುಹೋದ ಉಮೆ ಮರ ಒಡೆಯನ ಅಗಲಿಕೆ ತಾಳಲಾರದೆ ರಾತ್ರೋರಾತ್ರಿ ದಝೈಫುಗೆ ಹಾರಿಹೋಯಿತಂತೆ. 'ಹಾರಿಬಂದ ಉಮೆ' ಎಂಬ ಮರವನ್ನು ಅಲ್ಲಿ ಇವತ್ತಿಗೂ ತೋರಿಸುತ್ತಾರೆ. ಇತ್ತ ರಾಜಧಾನಿಯಲ್ಲಿ ಸಿಡಿಲು, ಸಾವು ಒಂದರ ಹಿಂದೊಂದು ಬಂದವು. ಇದು ಅವನ ಸಿಟ್ಟೇ ಇರಬೇಕೆಂದು ಹೆದರಿದವರು 947ರಲ್ಲಿ ಕ್ಯೋಟೊದ ಕಿತಾನೊದಲ್ಲಿ ಗುಡಿ ಕಟ್ಟಿದರು. ಹೀಗೆ ಭಯದಿಂದ ದೇವರಾದವನು ಈಗ ವಿದ್ಯಾದೇವತೆ. ಪರೀಕ್ಷೆಗೆ ಕೂರುವ ಮಕ್ಕಳು ಹರಕೆಯ ಮರದ ಹಲಗೆಗಳಲ್ಲಿ ಕಾಲೇಜಿನ ಹೆಸರು ಬರೆದು ಕಟ್ಟುತ್ತಾರೆ. ಆವರಣದ ತುಂಬ ಮಲಗಿದ ಎತ್ತಿನ ವಿಗ್ರಹಗಳಿವೆ. ಜನ ಸವರಿ ಸವರಿ ಅವುಗಳ ತಲೆ ನುಣುಪಾಗಿದೆ.

ಕಿತಾನೊ ತೆನ್‌ಮಾಂಗೂದಲ್ಲಿ ಸುಮಾರು 1,500 ಉಮೆ ಮರಗಳಿವೆ. ತೋಟದೊಳಗೆ ಹೋಗಲು ಟಿಕೆಟ್ ಬೇಕು, ಅದರಲ್ಲೇ ಚಹಾ ಮತ್ತು ಸಿಹಿತಿಂಡಿ ಸೇರಿರುತ್ತದೆ. ಟಿಕೆಟ್ ಕೊಳ್ಳದೆಯೂ ಗುಡಿಯ ಸುತ್ತ ಸಾಕಷ್ಟು ಮರಗಳು ಸಿಗುತ್ತವೆ. ಬಹುತೇಕ ಸಮತಟ್ಟಾದ ಜಾಗ, ಅತ್ತೆಯವರಿಗೆ ಕಷ್ಟವಾಗದು. ಕ್ಯೋಟೊ ನಿಲ್ದಾಣದಿಂದ ನೇರ ಬಸ್ ಇದೆ, ಆದರೆ ಸದಾ ತುಂಬಿರುತ್ತದೆ. ಜೆಆರ್ ಸಾಗಾನೊ ರೈಲಿನಲ್ಲಿ ಎನ್‌ಮಾಚಿಗೆ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ. ಮೂರು ಜನ ಹಂಚಿಕೊಂಡರೆ ದುಬಾರಿಯಲ್ಲ.

ಚೆರಿಯ ಲೆಕ್ಕವನ್ನು ಉಮೆಗೆ ಹಾಕಬೇಡಿ. ಊರೂರಿನಲ್ಲಿ ನೆಟ್ಟಿರುವ ಸೊಮೆಯಿ ಯೊಶಿನೊ ಚೆರಿ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದ ಒಂದೇ ತಳಿಯ ನಕಲುಗಳು. ಆದ್ದರಿಂದ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಉಮೆಯಲ್ಲಿ ನೂರಾರು ತಳಿ. ಒಂದು ಮರ ಉದುರುವ ಹೊತ್ತಿಗೆ ಪಕ್ಕದ್ದು ಮೊಗ್ಗಿನಲ್ಲಿರುತ್ತದೆ. ಕಿತಾನೊದಲ್ಲಿ ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಯಾವತ್ತು ಹೋದರೂ ಏನೋ ಒಂದು ಅರಳಿರುತ್ತದೆ. 'ಪೂರ್ತಿ ಅರಳಿದ ದಿನ'ದ ಬೆನ್ನು ಹತ್ತಿ ಟಿಕೆಟ್ ಬದಲಿಸುವ ಗೋಜಿಗೆ ಹೋಗಬೇಡಿ.

ಸಾಧ್ಯವಾದರೆ ಫೆಬ್ರವರಿ 25ಕ್ಕೆ ಬನ್ನಿ. ಮಿಚಿಜಾನೆಯ ಪುಣ್ಯತಿಥಿ, ಉಮೆ ಹಬ್ಬ. ಪಕ್ಕದ ಕಾಮಿಶಿಚಿಕೆನ್ ಬೀದಿಯ ಗೆಯ್ಕೊಗಳು (ಗೀಷಾಗಳು), ಆ ಕಲೆ ಕಲಿಯುತ್ತಿರುವ ಮಾಯ್ಕೊಗಳು ಮರಗಳ ಕೆಳಗೆ ಬಯಲಲ್ಲೇ ಚಹಾ ಕೊಡುತ್ತಾರೆ. ಜಪಾನನ್ನು ಆಳಿದ ಸೇನಾನಾಯಕ ಹಿದೆಯೋಶಿ 1587ರಲ್ಲಿ ಇದೇ ಅಂಗಳದಲ್ಲಿ ಸಿರಿವಂತ, ಬಡವ ಎನ್ನದೆ ಎಲ್ಲರನ್ನೂ ಕರೆದು ನಡೆಸಿದ ದೊಡ್ಡ ಚಹಾಕೂಟದ ನೆನಪಿಗಾಗಿ ಇದು.

ಒಸಾಕಾದಲ್ಲಿರುವವರ ಉತ್ತರ

ಮೇಲಿನವರ ಮಾತೆಲ್ಲ ಒಪ್ಪುತ್ತೇನೆ, 25ರ ಸಲಹೆಯೊಂದನ್ನು ಬಿಟ್ಟು. ಪ್ರತಿ ತಿಂಗಳ 25ರಂದು ಕಿತಾನೊದಲ್ಲಿ ಸಂತೆ ನೆರೆಯುತ್ತದೆ. ಹಳೆಯ ಕಿಮೊನೊ, ಪಿಂಗಾಣಿ, ತಿಂಡಿ ಅಂಗಡಿಗಳು ಬೀದಿಯುದ್ದಕ್ಕೂ ಕಿಕ್ಕಿರಿದಿರುತ್ತವೆ. ಅದರ ಮೇಲೆ ಹಬ್ಬ. ಸಾಲದ್ದಕ್ಕೆ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಎರಡನೇ ಹಂತದ ಪ್ರವೇಶ ಪರೀಕ್ಷೆ ಶುರುವಾಗುವುದೂ ಫೆಬ್ರವರಿ 25ಕ್ಕೇ. 23 ಚಕ್ರವರ್ತಿಯ ಹುಟ್ಟುಹಬ್ಬದ ರಜೆ. ಆ ನಾಲ್ಕೈದು ದಿನ ಕ್ಯೋಟೊದಲ್ಲಿ ಕೋಣೆ ಸಿಗುವುದೇ ಕಷ್ಟ, ಸಿಕ್ಕರೂ ದುಪ್ಪಟ್ಟು ಬೆಲೆ. ಚೆರಿಯ ಜನಜಂಗುಳಿ ಬೇಡವೆಂದು ಉಮೆಗೆ ಬರುವವರು ಇದರಲ್ಲಿ ಯಾಕೆ ಸಿಕ್ಕಿಕೊಳ್ಳಬೇಕು? 27, 28ಕ್ಕೆ ಹೋಗಿ, ಬೆಳಿಗ್ಗೆ ಒಂಬತ್ತಕ್ಕೇ ಗೇಟಿನ ಬಳಿ ಇರಿ. ಹೂವಿನ ಕಂಪು ಗಾಳಿಯಿಲ್ಲದ ತಂಪು ಬೆಳಗಿನಲ್ಲೇ ಚೆನ್ನಾಗಿ ತಿಳಿಯುವುದು, ಮಧ್ಯಾಹ್ನದ ಹೊತ್ತಿಗೆ ಕರಿದ ತಿಂಡಿಯ ವಾಸನೆ ಅದನ್ನು ನುಂಗಿಬಿಡುತ್ತದೆ.

ಗುಡಿಯ ಎದುರು ಒಂದು ಹಳೆಯ ಅಂಗಡಿಯಲ್ಲಿ ಮೋಚಿ ಎಂಬ ಮೆತ್ತನೆಯ ಉಂಡೆಯನ್ನು ನವಣೆಯಿಂದ ಮಾಡುತ್ತಾರೆ. ನೀವು ಹೇಳಿದ ಮೇಲೆಯೇ ಬಿಸಿ ಹಿಟ್ಟನ್ನು ಬೆರಳ ಸಂದಿನಿಂದ ಹಿಂಡಿ, ಚಿವುಟಿ, ಅರ್ಧಕ್ಕೆ ಅಝುಕಿ ಎಂಬ ಕೆಂಪು ಕಾಳಿನ ಹೂರಣ ಮೆತ್ತಿ, ಇನ್ನರ್ಧವನ್ನು ಹುರಿದ ಸೋಯಾ ಪುಡಿಯಲ್ಲಿ ಹೊರಳಿಸಿ ತಟ್ಟೆಗೆ ಹಾಕುತ್ತಾರೆ. ಆರಿದರೆ ಗಟ್ಟಿಯಾಗುತ್ತದೆ, ಅಲ್ಲೇ ಕೂತು ತಿನ್ನಬೇಕು. ನವಣೆ ತಿಂದು ಬೆಳೆದ ನಮ್ಮ ಕಡೆಯ ಹಿರಿಯರಿಗೆ ಇದು ಇಷ್ಟವಾಗದೆ ಇರದು.

ಯೊಕೊಹಾಮಾದಿಂದ

ನೀವು ಕೇಳಿದ್ದು ದೇವಸ್ಥಾನದ ಉಮೆ. ಟೋಕಿಯೊ ಕಡೆಯಿಂದ ಅದಕ್ಕೆ ಸರಿಯಾದ ಜಾಗ ಕಾಮಾಕುರಾ, ರೈಲಿನಲ್ಲಿ ಒಂದು ಗಂಟೆ. ಅಲ್ಲಿನ ಝೆನ್ ಮಂದಿರಗಳಲ್ಲಿ ಸಾವಿರ ಮರಗಳ ತೋಪು ಇಲ್ಲ. ಹಳೆಯ ಹುಲ್ಲಿನ ಚಾವಣಿಯ ಪಕ್ಕ ಒಂದು, ಬಾವಿಯ ಬಳಿ ಇನ್ನೊಂದು, ಹೀಗೆ. ನನ್ನನ್ನು ಕೇಳಿದರೆ ತೋಪಿಗಿಂತ ಇದೇ ಮೇಲು. ತೋಪಿನಲ್ಲಿ ಬಣ್ಣ ನೋಡಿ ಬರುತ್ತೇವೆ, ಇಲ್ಲಿ ಮರವನ್ನು ನೋಡುತ್ತೇವೆ. ಕಪ್ಪಗೆ ತಿರುಚಿಕೊಂಡ, ಪಾಚಿ ಹಿಡಿದ ಕೊಂಬೆ, ಸತ್ತೇಹೋಗಿದೆ ಅನ್ನಿಸುವಂಥದ್ದು. ಅದರ ತೊಗಟೆಗೆ ಅಂಟಿಸಿದಂತೆ ತೊಟ್ಟೇ ಇಲ್ಲದ ಹೂವು, ದುಂಡನೆಯ ಐದು ಎಸಳು. ಚೆರಿಗೆ ಉದ್ದ ತೊಟ್ಟಿರುತ್ತದೆ, ಎಸಳ ತುದಿ ಸೀಳಿರುತ್ತದೆ. ಅಷ್ಟು ನೋಡಿಕೊಂಡರೆ ಎರಡನ್ನೂ ಬೇರೆ ಮಾಡಬಹುದು. ಹಳದಿ ಮೇಣದಂಥ ಹೂವು ಕಂಡರೆ ಅದು ರೋಬಾಯ್, ಉಮೆಯ ಜಾತಿಯೇ ಅಲ್ಲ.

ಕಿತಾ ಕಾಮಾಕುರಾ ನಿಲ್ದಾಣದಿಂದ ನಾಲ್ಕೈದು ನಿಮಿಷದ ನಡಿಗೆಯಲ್ಲಿ ತೋಕೆಯ್‌ಜಿ ಇದೆ. 1285ರಲ್ಲಿ ಸನ್ಯಾಸಿನಿಯರ ಮಠವಾಗಿ ಸ್ಥಾಪನೆಯಾದದ್ದು. ಗಂಡನ ಕಾಟ ತಾಳದ ಹೆಂಗಸರು ಇಲ್ಲಿಗೆ ಓಡಿಬಂದು, ಕೆಲಕಾಲ ಇದ್ದು, ಬಿಡುಗಡೆ ಪತ್ರ ಪಡೆಯುತ್ತಿದ್ದರು. ಹೆಂಗಸರಿಗೆ ವಿಚ್ಛೇದನ ಕೇಳುವ ದಾರಿಯೇ ಇಲ್ಲದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬಾಗಿಲು ದಾಟಿದರೆ ನೇರ ದಾರಿಯ ಎರಡೂ ಬದಿಗೆ ಉಮೆ. ಬಾಗಿಲಿಗೆ ಹತ್ತುವ ಕೆಲವು ಮೆಟ್ಟಿಲು ಬಿಟ್ಟರೆ ಸುಲಭ. ಒಳಗೆ ಫೋಟೊ ತೆಗೆಯುವಂತಿಲ್ಲ, ಮಗಳಿಗೆ ಮೊದಲೇ ಹೇಳಿಡಿ.

ಎಲ್ಲರೂ ಹೊಗಳುವ ಝುಯ್‌ಸೆನ್‌ಜಿಯನ್ನು ಮಾತ್ರ ಅತ್ತೆಯವರಿಗೆ ತೋರಿಸಲು ಹೋಗಬೇಡಿ. ಝೆನ್ ಗುರು ಮುಸೋ ಸೊಸೆಕಿ 1327ರಲ್ಲಿ ಕಟ್ಟಿದ ಮಂದಿರ, ಹಿಂಭಾಗದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಉದ್ಯಾನ. ಆದರೆ ಬಸ್ಸಿಳಿದು ಹದಿನೈದು ನಿಮಿಷ ಏರುದಾರಿ, ಆಮೇಲೆ ಕಾಡಿನೊಳಗೆ ಸವೆದ ಕಲ್ಲುಮೆಟ್ಟಿಲು. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಪೀಡೆ. ಟೋಕಿಯೊ ನಗರದೊಳಗೇ ಸಾಕೆಂದರೆ ಯುಶಿಮಾ ತೆಂಜಿನ್ ಇದೆ, ಸುಮಾರು 300 ಮರಗಳು. ಉಮೆ ಉತ್ಸವ ಫೆಬ್ರವರಿ 8ರಿಂದ ಮಾರ್ಚ್ 8ರವರೆಗೆ. ಮುಂಭಾಗದ ದೊಡ್ಡ ತೋರಣಬಾಗಿಲಿನ ಕಡೆಯಿಂದ ಹೋದರೆ ಮೆಟ್ಟಿಲು ತಪ್ಪುತ್ತದೆ.

ಅಮ್ಮನನ್ನು ಕರೆದೊಯ್ದು ಬಂದ ಧಾರವಾಡದವರು

ಚಳಿಯ ಬಗ್ಗೆ ಯಾರೂ ಹೇಳಲಿಲ್ಲ. ಹೊರಗಿನ ಚಳಿ ಹೇಗೋ ತಡೆಯಬಹುದು, ಕಾಡುವುದು ಮಂದಿರದ ಒಳಗಿನ ಚಳಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಮರದ ನೆಲ ಮಂಜುಗಡ್ಡೆ. ದಪ್ಪ ಉಣ್ಣೆಯ ಕಾಲುಚೀಲ ಎರಡು ಜೊತೆ ಇರಲಿ, ಬಗ್ಗದೆ ಹಾಕಿ ತೆಗೆಯುವ ಬೂಟು ಇರಲಿ. ಸೀರೆ ಉಡುವವರಿಗೆ ಲಂಗದ ಕೆಳಗೆ ಉಣ್ಣೆಯ ಲೆಗ್ಗಿಂಗ್ಸ್, ರವಿಕೆಯ ಒಳಗೆ ತೆಳು ಥರ್ಮಲ್, ಮೇಲೆ ಮಂಡಿ ಮುಚ್ಚುವ ಕೋಟು. ಔಷಧಿ ಅಂಗಡಿಯಲ್ಲಿ ಕಾಯ್ರೊ ಎಂಬ ಬಿಸಿ ಪಟ್ಟಿ ಸಿಗುತ್ತದೆ. ಅದನ್ನು ಒಳಬಟ್ಟೆಯ ಮೇಲೆ ಅಂಟಿಸಿಕೊಳ್ಳಬೇಕು, ಚರ್ಮಕ್ಕೆ ತಾಗಿಸಿದರೆ ಸುಡುತ್ತದೆ. ಊರುಗೋಲು ಇದ್ದರೆ ತುದಿ ಒರೆಸಲು ಒಂದು ಬಟ್ಟೆ ಇಟ್ಟುಕೊಳ್ಳಿ. ಫೆಬ್ರವರಿ ಮಧ್ಯದಿಂದ ಸುಗಿ ಮರದ ಪರಾಗ ಗಾಳಿಯಲ್ಲಿ ತುಂಬುತ್ತದೆ, ಅಸ್ತಮಾ ಇದ್ದವರಿಗೆ ಮಾಸ್ಕ್ ಬೇಕೇ ಬೇಕು.

ಊಟದ್ದು ನಿಜವಾದ ತಲೆನೋವು. ತರಕಾರಿ ಸೂಪು, ನೂಡಲ್ಸ್, ತೋಫುವಿಗೆ ಕೊಡುವ ಸಾರು, ಎಲ್ಲದರ ತಳದಲ್ಲೂ ದಾಶಿ ಎಂಬ ಒಣಮೀನಿನ ತಿಳಿಸಾರು ಇರುತ್ತದೆ. ಕಾಮಾಕುರಾದ ಕೆಂಚಿನ್ ಸೂಪು ಹುಟ್ಟಿದ್ದು ಕೆಂಚೋಜಿ ಮಂದಿರದ ಸಸ್ಯಾಹಾರಿ ಅಡುಗೆಮನೆಯಲ್ಲಿ ಎನ್ನುತ್ತಾರೆ, ಆದರೆ ಹೋಟೆಲುಗಳಲ್ಲಿ ಅದಕ್ಕೂ ದಾಶಿ ಹಾಕುವುದುಂಟು. ಮಂದಿರಗಳ ಶೋಜಿನ್ ಊಟ ಶುದ್ಧ ಸಸ್ಯಾಹಾರ, ಆದರೆ ಮೊದಲೇ ಹೇಳಿ ಕಾದಿರಿಸಬೇಕು. ಅವಸರಕ್ಕೆ ಅಂಗಡಿಗಳ ಅನ್ನದುಂಡೆ ಒನಿಗಿರಿ ಇದೆ. ಒಳಗೆ ಉಮೆಬೋಶಿ, ಇದೇ ಉಮೆ ಮರದ ಹಣ್ಣನ್ನು ಉಪ್ಪಿನಲ್ಲಿ ಹಾಕಿ ಒಣಗಿಸಿದ್ದು. ನಮ್ಮ ಮಾವಿನ ಮಿಡಿಯ ತಮ್ಮನೆನ್ನಬಹುದು, ಖಾರ ಮಾತ್ರ ಇಲ್ಲ. ಅಮ್ಮ ಅದನ್ನೇ ಮೊಸರನ್ನಕ್ಕೆ ನಂಚಿಕೊಂಡು ದಿನ ಕಳೆದರು. ಕೆಲವು ಉಮೆಬೋಶಿಗೆ ಕಾತ್ಸುಓ ಮೀನು ಬೆರೆಸಿರುತ್ತಾರೆ, ಮಗಳಿಂದ ಚೀಟಿ ಓದಿಸಿ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ವಂದನೆಗಳು. ಮಗಳಿಗೆ ಮಾರ್ಚ್ ಎರಡನೇ ವಾರ ಬಿಟ್ಟರೆ ರಜೆ ಸಿಗುವುದಿಲ್ಲವಂತೆ. ತಡವಾಯಿತೇ?

ಕ್ಯೋಟೊದವರು

ಟೋಕಿಯೊಗೆ ತಡ, ಕ್ಯೋಟೊಗೆ ಅಲ್ಲ. ತಾಕೆದಾ ನಿಲ್ದಾಣದಿಂದ ಹದಿನೈದು ನಿಮಿಷದ ಜೋನಾಂಗೂ ಗುಡಿಯಲ್ಲಿ ಜೋಲುಬಿದ್ದ ಕೊಂಬೆಗಳ ಉಮೆ 150ರಷ್ಟಿವೆ. ವಾರದ ಆರಂಭದಲ್ಲೇ ಅಲ್ಲಿಗೆ ಹೋಗಿ. ಎಸಳು ಉದುರತೊಡಗಿದ್ದರೂ ಬೇಸರವಿಲ್ಲ, ಪಾಚಿಯ ಮೇಲೆ ಕೆಂಪು ಕಮೀಲಿಯಾ ಇಡಿಯಿಡಿಯಾಗಿ ಬಿದ್ದಿರುತ್ತದೆ. ವಾರದ ಕೊನೆಗೆ ಝುಯ್‌ಶಿನ್‌ಇನ್. ಇದು 991ರ ಬೌದ್ಧ ಮಂದಿರ, ಕವಯಿತ್ರಿ ಒನೊ ನೊ ಕೊಮಾಚಿ ಇದ್ದಳೆನ್ನುವ ಜಾಗ. ಇಲ್ಲಿನ ತಿಳಿಗೆಂಪು ಹಾನೆಝು ಉಮೆ ತಡವಾಗಿ ಅರಳುವ ತಳಿ, ಮಾರ್ಚ್ ಮಧ್ಯಕ್ಕೆ ಹದವಾಗಿರುತ್ತದೆ. ತೋಝಾಯ್ ಮೆಟ್ರೊದ ಒನೊ ನಿಲ್ದಾಣದಿಂದ ಐದು ನಿಮಿಷ, ದಾರಿಯೂ ಸಮತಟ್ಟು. ಕೊಮಾಚಿಗಾಗಿ ನೂರು ರಾತ್ರಿ ಬರುತ್ತೇನೆಂದು ಮಾತುಕೊಟ್ಟು, ಕೊನೆಯ ರಾತ್ರಿ ಹಿಮದಲ್ಲಿ ಸತ್ತ ಪ್ರೇಮಿಯ ಕಥೆಯನ್ನು ಮಾರ್ಚ್ ಕೊನೆಯ ಭಾನುವಾರ ಹುಡುಗಿಯರು ಇಲ್ಲಿ ಕುಣಿದು ತೋರಿಸುತ್ತಾರೆ. ನಿಮಗದು ಸಿಗದು, ಹೂವು ಸಿಗುತ್ತದೆ. ಸಂಜೆ ನಾಲ್ಕೂವರೆಯ ಮೇಲೆ ಒಳಗೆ ಬಿಡುವುದಿಲ್ಲ, ಊಟ ಮುಗಿಸಿ ಎರಡು ಗಂಟೆಯೊಳಗೆ ತಲುಪಿ. ಆ ವರ್ಷದ ಚಳಿ ನೋಡಿಕೊಂಡು ವಾರ ಹತ್ತು ದಿನ ಹಿಂದುಮುಂದಾಗುವುದು ಮಾಮೂಲು. ಎರಡೂ ಕಡೆಯವರು ತಮ್ಮ ಜಾಲತಾಣದಲ್ಲಿ ಎಷ್ಟು ಅರಳಿದೆಯೆಂದು ಹಾಕುತ್ತಾರೆ, ಹೊರಡುವ ಹಿಂದಿನ ದಿನ ಮಗಳು ನೋಡಿದರೆ ಸಾಕು.