ಸಿಲಿಕಾ ಫ್ಯೂಮ್‌ಗೆ ‘ಹೊಗೆ’ ಅನ್ನಬಹುದಾ?

ನಮಸ್ಕಾರ. ಕಾಂಕ್ರೀಟಿನ ಬಲ ಏರಿಸಲು ಬೆರೆಸುವ ‘ಸಿಲಿಕಾ ಫ್ಯೂಮ್’ ಎಂಬ ನುಣ್ಣನೆಯ ಪುಡಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ಬಲ್ಲವರು ತಿಳಿಸಬೇಕು.

ನಾನು ಕಾಂಕ್ರೀಟಿನ ಭಾಗಗಳನ್ನು ಮೊದಲೇ ಅಚ್ಚಿನಲ್ಲಿ ಎರೆದು ತಯಾರಿಸುವ ಒಂದು ಪ್ರೀಕಾಸ್ಟ್ ಯಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಮಿಕ್ಸರ್ ಪಕ್ಕ ತೂಗುಹಾಕುವ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವುದು ನನ್ನ ಪಾಲಿಗೆ ಬಂದಿದೆ. ಕಳೆದ ಸಲ ಜಾಸ್ತಿ ಯೋಚಿಸದೆ ‘ಸಿಲಿಕಾ ಹೊಗೆ ಇರುವಾಗ ಮಾಸ್ಕ್ ತೆಗೆಯಬೇಡಿ’ ಎಂದು ಬರೆದೆ. ಮಾರನೇ ದಿನ ನೋಡಿದರೆ ಇಬ್ಬರು ಹುಡುಗರು ಮಾಸ್ಕ್ ಇಲ್ಲದೆ ಚೀಲ ಬಿಚ್ಚಿ ಸುರಿಯುತ್ತಿದ್ದರು. ಯಾಕೆ ಅಂತ ಕೇಳಿದೆ. ‘ಹೊಗೆ ಇನ್ನೂ ಬಂದಿಲ್ವಲ್ಲ ಸಾರ್’ ಅಂದ ಒಬ್ಬ. ಅವನ ರೆಪ್ಪೆ, ಮೀಸೆ ಎಲ್ಲ ಬೂದು ಹಿಡಿದಿತ್ತು. ಅವನು ಓದಿದ್ದು ಸರಿಯಾಗೇ ಇತ್ತು, ನಾನು ಬರೆದದ್ದು ತಪ್ಪು. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಈ ಪುಡಿ ಹುಟ್ಟುವುದು ಸಿಲಿಕಾನ್, ಫೆರೋಸಿಲಿಕಾನ್ ತಯಾರಿಸುವ ವಿದ್ಯುತ್ ಕುಲುಮೆಗಳಲ್ಲಿ. ಬೆಣಚುಕಲ್ಲನ್ನು ಕಲ್ಲಿದ್ದಲಿನ ಜೊತೆ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಏಳುವ ಆವಿ ಮೇಲೆ ಗಾಳಿ ತಾಗಿ, ತಣಿದು, ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗುತ್ತದೆ. ಅದನ್ನು ಬಟ್ಟೆಯ ಸೋಸುಚೀಲಗಳಲ್ಲಿ ಹಿಡಿಯುತ್ತಾರೆ. ಒಂದೊಂದು ಉಂಡೆ ಸಿಮೆಂಟಿನ ಕಣಕ್ಕಿಂತ ಸುಮಾರು 100 ಪಟ್ಟು ಚಿಕ್ಕದು. ಬೆರಳಲ್ಲಿ ಉಜ್ಜಿದರೆ ಚರ್ಮದ ಗೆರೆಗಳೊಳಗೆ ಕೂತುಬಿಡುತ್ತದೆ. ನಮ್ಮ ಕೈಗೆ ಬರುವ ಹೊತ್ತಿಗೆ ಹೊಗೆಯಾಡುವುದು ಎಂದೋ ಮುಗಿದಿರುತ್ತದೆ.

ಹೊಗೆ ತನ್ನ ಹಿಂದೆ ಉಳಿಸಿಹೋಗುವ ಪುಡಿಗೆ ಕನ್ನಡದಲ್ಲಿ ಪದಗಳ ಬರವಿಲ್ಲ. ನಮ್ಮಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಿಡಿದು ಕಾಡಿಗೆ ಮಾಡುತ್ತಿದ್ದರು. ಕುಲುಮೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಆದರೆ ಕಾಡಿಗೆ ಅಂದರೆ ಕಣ್ಣಿಗೆ ಹಚ್ಚುವುದು, ಮಸಿ ಅಂದರೆ ಕಪ್ಪು. ಇದು ಬೂದು, ಕೆಲವು ಸಲ ಬಿಳಿಯ ಹತ್ತಿರ. ‘ಇಲ್ಲಣ’ ಅಂತ ಒಂದು ಚಂದದ ಪದ ಇದೆ, ಅಡುಗೆಮನೆಯ ಮಾಡಿಗೆ ಕಟ್ಟುವ ಹೊಗೆಯ ಕರಿ. ನನಗೆ ಅದರ ಮೇಲೆ ತುಂಬಾ ಆಸೆ. ಆದರೆ ಯಾರ್ಡಿನಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

‘ಬೂದಿ’ ಅನ್ನೋಣ ಅಂದರೆ, ಕಾಂಕ್ರೀಟಿಗೇ ಹಾಕುವ ಕಲ್ಲಿದ್ದಲಿನ ಬೂದಿ ಫ್ಲೈ ಆ್ಯಶ್‌ಗೆ ‘ಹಾರುಬೂದಿ’ ಆಗಲೇ ನೆಲೆಯಾಗಿದೆ. ಎರಡೂ ಚೀಲ ಒಂದೇ ಶೆಡ್ಡಿನಲ್ಲಿರುತ್ತವೆ. ಹಾರುಬೂದಿಯನ್ನು ಕಾಲು ಪಾಲಿನಷ್ಟು ಹಾಕುವುದುಂಟು, ಇದನ್ನು ಹಾಕುವುದು ಸಾಮಾನ್ಯವಾಗಿ ಸಿಮೆಂಟಿನ ತೂಕದ ಶೇ 5ರಿಂದ 10 ಮಾತ್ರ. ಅದಲುಬದಲಾದರೆ ಇಡೀ ಮಿಕ್ಸ್ ಹಾಳು. ‘ಹೊಗೆಪುಡಿ’ ಅಂತ ಹೇಳಿ ನೋಡಿದೆ, ಕೇಳಿದವರಿಗೆ ಹೊಗೆಸೊಪ್ಪು, ಕಡ್ಡಿಪುಡಿ ನೆನಪಾಯಿತು. ಮೇಸ್ತ್ರಿಗಳು ಇದರ ಇನ್ನೊಂದು ಹೆಸರಾದ ಮೈಕ್ರೋಸಿಲಿಕಾವನ್ನು ಅರ್ಧಕ್ಕೆ ತುಂಡು ಮಾಡಿ ‘ಮೈಕ್ರೋ’ ಅಂತಾರೆ.

ದಾರಿ ತೋರಿಸಿದ್ದು ಒಬ್ಬ ಹಿರಿಯ ಮೇಸ್ತ್ರಿ. ಸಿಮೆಂಟು ನೀರು ಕುಡಿದಾಗ ಒಳಗೆ ಸುಣ್ಣ ಬಿಡುತ್ತದೆ, ಈ ಪುಡಿ ಆ ಸುಣ್ಣವನ್ನು ಹಿಡಿದು ಅಂಟಾಗಿಸುತ್ತದೆ ಎಂದು ವಿವರಿಸಿದೆ. ‘ಹಾಗಾದ್ರೆ ಇದು ಸುರ್ಕಿ ಅಲ್ವಾ?’ ಅಂದರು. ಹೌದಲ್ಲ! ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದ ಜೊತೆ ಮಾಡುವುದೂ ಇದೇ ಕೆಲಸ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲೇ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ 1994ರಲ್ಲಿ ಕುಸಿದ ಒಳಗುಮ್ಮಟವನ್ನು ಮತ್ತೆ ಕಟ್ಟುವಾಗ ಹಾಕಿದ, ‘ಎಂ 60’ ಎಂಬ ಹೆಚ್ಚು ಬಲದ ಕಾಂಕ್ರೀಟಿನಲ್ಲಿ ಸಿಲಿಕಾ ಫ್ಯೂಮ್ ಇತ್ತು. ಒಂದೇ ನಾಡಿನ ಎರಡು ಕಟ್ಟಡ, ಒಂದೇ ಗುಣದ ಎರಡು ಪುಡಿ. ‘ಸಿಲಿಕಾ ಸುರ್ಕಿ’ ಅಂದರೆ ಹೇಗೆ? ಹುಟ್ಟಿದ ಬಗೆಯನ್ನು ಬಿಟ್ಟು ಮಾಡುವ ಕೆಲಸದಿಂದ ಹೆಸರಿಡುವುದು ನನಗೆ ಹಿಡಿಸಿದೆ. ಸುರ್ಕಿ ಅಂದರೆ ಇಟ್ಟಿಗೆಪುಡಿಯೇ ಅಂತ ಯಾರಾದರೂ ಅಂದುಕೊಂಡಾರು ಅನ್ನುವುದೊಂದೇ ಅಳುಕು.

ಜೊತೆಗೆ ಇನ್ನೊಂದು ಪದ, ‘ಉಕ್ಕಿನ ನಾರು’: ಕಾಂಕ್ರೀಟಿಗೆ ಬೆರೆಸುವ ಸ್ಟೀಲ್ ಫೈಬರ್. ಫೈಬರ್‌ಗೆ ನಾರು ಅಂತ ಬರೆದಿದ್ದೇನೆ. ಚುಚ್ಚುವ, ತುದಿ ಕೊಕ್ಕೆಯಾದ ತಂತಿತುಂಡಿಗೆ ನಾರು ಅನ್ನುವುದು ಹೇಗೆ ಅಂತ ಕೆಲವರ ತಕರಾರು. ಸಿಲಿಕಾ ಫ್ಯೂಮ್ ಹಾಕಿ ಬಲ ಏರಿಸಿದ ಕಾಂಕ್ರೀಟು ಗಟ್ಟಿ, ಆದರೆ ಒಡೆದರೆ ಒಮ್ಮೆಲೇ ಒಡೆಯುತ್ತದೆ. ಬಿರುಕು ಬಾಯಿಬಿಡದಂತೆ ಈ ತುಂಡುಗಳು ಹಿಡಿದುಕೊಳ್ಳುತ್ತವೆ. ಸುತ್ತಲಿನ ಕಾಂಕ್ರೀಟು ದಟ್ಟವಾದಷ್ಟೂ ಹಿಡಿತ ಬಿಗಿ. ಗೋಡೆಮಣ್ಣಿಗೆ ಹುಲ್ಲು ಹಾಕಿ ತುಳಿದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ನಾರು ಇರಲಿ ಅನ್ನಿಸುತ್ತದೆ.

ಕೇಳಬೇಕಾದದ್ದು ಇಷ್ಟು. ‘ಇಲ್ಲಣ’ ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯಾ? ಇದ್ದರೆ ಕರಿಗೆ ಮಾತ್ರವಾ, ಜೇಡರ ಬಲೆಗೂ ಹೇಳುತ್ತಾರಾ? ‘ಸುರ್ಕಿ’ ಅಂದ ತಕ್ಷಣ ನಿಮಗೆ ಇಟ್ಟಿಗೆಯೇ ಕಣ್ಣಿಗೆ ಬರುತ್ತದಾ? ಸದ್ಯಕ್ಕೆ ‘ಹೊಗೆ’ಯ ಮೇಲೆ ಚೀಟಿ ಅಂಟಿಸಿ ‘ಸಿಲಿಕಾ ಪುಡಿ’ ಎಂದು ಬರೆದಿದ್ದೇನೆ. ಅದೂ ಸರಿಯಿಲ್ಲ, ಬೆಣಚುಕಲ್ಲಿನ ಪುಡಿಗೂ ಅದೇ ಹೆಸರು ಸಲ್ಲುತ್ತದೆ. ಮಾಸ್ಕಿನ ಸಾಲನ್ನಂತೂ ಬದಲಿಸಿದೆ: ‘ಚೀಲ ಬಿಚ್ಚುವ ಮೊದಲೇ ಮಾಸ್ಕ್ ಹಾಕಿ.’